ಶೈಕ್ಷಣಿಕ ಸಿ.ವಿ.: ಬರೆದಿಡುವ ರೂಢಿ

ಸ್ನಾತಕೋತ್ತರ ವಿದ್ಯಾರ್ಥಿವೇತನದ ಅರ್ಜಿಗೆ ಲಗತ್ತಿಸುವ ಶೈಕ್ಷಣಿಕ ಸಿ.ವಿ. ಅರ್ಜಿದಾರರ ಓದು, ಸಂಶೋಧನೆ ಮತ್ತು ಬೋಧನೆಯ ದಾಖಲೆ. ಕಂಪನಿ ಕೆಲಸದ ರೆಸ್ಯೂಮೆ ಒಂದು ಪುಟಕ್ಕೆ ಮುಗಿದರೆ ಚೆಂದ. ಶೈಕ್ಷಣಿಕ ಸಿ.ವಿ. ಎರಡು ಪುಟ ದಾಟಿದರೂ ತಪ್ಪಿಲ್ಲ. ನಮ್ಮಲ್ಲಿ ರೂಢಿಯಲ್ಲಿರುವ ಬಯೋಡೇಟಾದಲ್ಲಿ ಬರುವ ತಂದೆಯ ಹೆಸರು, ಧರ್ಮ, ಮದುವೆಯ ವಿವರ, ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ ಇವೆಲ್ಲ ಕೇಳದ ಹೊರತು ಬೇಡ.

ಮೊದಲ ಸ್ಥಾನ ಶಿಕ್ಷಣಕ್ಕೆ. ಅದರಲ್ಲೂ ಇತ್ತೀಚಿನ ಪದವಿ ಮೇಲೆ. ಅಂಕಗಳನ್ನು ‘10ಕ್ಕೆ 8.4’ ಎಂದು ಮಾಪನದ ಸಮೇತ ಬರೆಯಬೇಕು. ಜರ್ಮನಿಯಲ್ಲಿ 1.0 ಅತ್ಯುತ್ತಮ ದರ್ಜೆ, 4.0 ತೇರ್ಗಡೆಯ ಅಂಚು. ಹಾಗಾಗಿ ಬರಿಯ 8.4 ಅಲ್ಲಿ ಯಾರಿಗೂ ಏನೂ ಹೇಳದು.

ಸಿ.ವಿ.ಯ ತಿರುಳು ಸಂಶೋಧನೆಯ ಭಾಗ. ‘ಮಣ್ಣಿನ ಮೇಲೆ ಪ್ರಾಜೆಕ್ಟ್ ಮಾಡಲಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಬರೀ ಸೋಮಾರಿತನ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಯ ಅಧ್ಯಯನವಾಗಿದ್ದರೆ ಕೇಳಿಕೊಂಡ ಪ್ರಶ್ನೆ ಯಾವುದು, ಮಾದರಿ ಸಂಗ್ರಹಿಸಿದ್ದು ಹೇಗೆ, ತಂಡದಲ್ಲಿ ತನ್ನ ಪಾಲಿನ ಕೆಲಸ ಎಷ್ಟು ಎಂಬುದು ಎರಡು ಸಾಲಿನಲ್ಲಿ ಬರಬೇಕು. ಪ್ರಕಟಣೆಗಳಲ್ಲಂತೂ ನಿಷ್ಠುರ ಪ್ರಾಮಾಣಿಕತೆ ಬೇಕು. ಪತ್ರಿಕೆಗೆ ಕಳಿಸಿದ್ದು ಬೇರೆ, ಪರಿಶೀಲನೆಯಲ್ಲಿರುವುದು ಬೇರೆ, ಸ್ವೀಕೃತವಾದದ್ದು ಬೇರೆ. ಲೇಖಕರ ಹೆಸರುಗಳ ಕ್ರಮ ಬದಲಿಸಿ ತನ್ನದನ್ನು ಮುಂದಕ್ಕೆ ತರುವುದು ಸುಳ್ಳು. ಲೇಖನದ ಗುರುತಿನ ಸಂಖ್ಯೆಯಾದ ಡಿಒಐ ಹಿಡಿದು ಹುಡುಕಿದರೆ ಕ್ಷಣದಲ್ಲಿ ಬಯಲಾಗುತ್ತದೆ. ಪ್ರಕಟಣೆ ಒಂದೂ ಇಲ್ಲದಿದ್ದರೆ ಆ ಶೀರ್ಷಿಕೆಯನ್ನೇ ಬಿಡಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ಸಿ.ವಿ. ಬರೆಯುವವರಿಗೆ ನೇರವಾಗಿ ತಾಗುತ್ತದೆ. ಗಡುವಿನ ಹಿಂದಿನ ರಾತ್ರಿ ಕುಳಿತವರಿಗೆ ವಿಚಾರಸಂಕಿರಣದ ತಾರೀಖು ನೆನಪಾಗದು, ಪ್ರಮಾಣಪತ್ರ ಕೈಗೆ ಸಿಗದು, ಎರಡು ವರ್ಷ ಜೂನಿಯರ್‌ಗಳಿಗೆ ಲ್ಯಾಬಿನಲ್ಲಿ ಹೇಳಿಕೊಟ್ಟದ್ದು ಬೋಧನಾನುಭವ ಎಂಬುದೇ ಹೊಳೆಯದು. ಆಗ ಖಾಲಿ ಜಾಗ ತುಂಬಲು ‘ಶ್ರಮಜೀವಿ’, ‘ನಾಯಕತ್ವ ಗುಣ’ ಮುಂತಾದ ಪೊಳ್ಳು ಮಾತುಗಳು ಬರುತ್ತವೆ. ಒಂದು ಮೂಲ ಕಡತ ಇಟ್ಟುಕೊಂಡು, ಕೆಲಸ ಮುಗಿದ ವಾರವೇ ಅದಕ್ಕೊಂದು ಸಾಲು ಸೇರಿಸುವುದು ಕಷ್ಟವೇನಲ್ಲ. ಅರ್ಜಿಯ ಸಮಯದಲ್ಲಿ ಬೇಕಾದದ್ದನ್ನು ಆರಿಸುವುದಷ್ಟೇ ಉಳಿಯುತ್ತದೆ.

ಆರಿಸುವ ಮೊದಲು ಸೂಚನೆ ಓದಬೇಕು. ಜರ್ಮನಿಯ ವಿದ್ಯಾರ್ಥಿವೇತನ ಸಂಸ್ಥೆ ಡಿಎಎಡಿ ತನ್ನ ಅಭಿವೃದ್ಧಿ ಸಂಬಂಧಿ ಕೋರ್ಸುಗಳ ವಿದ್ಯಾರ್ಥಿವೇತನಕ್ಕೆ ಯೂರೋಪಾಸ್ ಎಂಬ ಸಿದ್ಧ ನಮೂನೆಯಲ್ಲಿ, ದಿನಾಂಕ ಮತ್ತು ಸಹಿ ಸಹಿತ ಸಿ.ವಿ. ಕೇಳುತ್ತ ಬಂದಿದೆ. ಬ್ರಿಟನ್ನಿನ ಚೀವನಿಂಗ್ ವಿದ್ಯಾರ್ಥಿವೇತನದಲ್ಲಿ ಆನ್‌ಲೈನ್ ಅರ್ಜಿಯೇ ಮುಖ್ಯ. ಅದರಲ್ಲಿ ಕನಿಷ್ಠ 2,800 ಗಂಟೆಗಳ ಕೆಲಸದ ಅನುಭವ ತೋರಿಸಬೇಕು. ಅಲ್ಲಿಯೂ ನೆರವಾಗುವುದು ಅದೇ ಮೂಲ ಕಡತ.

ಕೊನೆಯಲ್ಲಿ ಶಿಫಾರಸುದಾರರು. ಅವರ ಹುದ್ದೆ, ಸಂಸ್ಥೆ, ಸಾಂಸ್ಥಿಕ ಇಮೇಲ್ ಸಾಕು. ಹೆಸರು ಹಾಕುವ ಮೊದಲು ಒಪ್ಪಿಗೆ ಕೇಳಿ, ಸಿ.ವಿ.ಯ ಪ್ರತಿಯನ್ನೂ ಅವರಿಗೆ ಕಳಿಸಬೇಕು. ಶಿಫಾರಸು ಪತ್ರದ ವಿವರಗಳು ಸಿ.ವಿ.ಯೊಂದಿಗೆ ಹೊಂದುವುದು ಆಗಲೇ.