ವಿಹಾರಪಥದಲ್ಲಿ ಸೇವೆ ಮತ್ತು ಅಗಲಿಕೆ

ಚಾತುರ್ಮಾಸ ಮುಗಿದು ಮುನಿಸಂಘವು ವಿಹಾರಕ್ಕೆ ಹೊರಡುವ ವೇಳೆಗೆ ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಕಡಲೆ, ಜೋಳ, ಕುಸುಬೆಗಳು ಮೇಲೆದ್ದಿರುತ್ತವೆ. ವಾಹನವನ್ನೇರದ, ಪಾದರಕ್ಷೆಯನ್ನು ಮೆಟ್ಟದ ಮುನಿಗಳೊಡನೆ ಊರಿನ ಶ್ರಾವಕ-ಶ್ರಾವಿಕೆಯರೂ ಹೆಜ್ಜೆ ಹಾಕುವುದು ರೂಢಿ. ಒಬ್ಬರು ಕಮಂಡಲುವನ್ನು ಹಿಡಿದಿರುತ್ತಾರೆ. ಕೆಲವರು ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿ ಆಹಾರದ ಚೌಕವನ್ನು ಸಿದ್ಧಗೊಳಿಸುತ್ತಾರೆ. ದಾರಿ ಕುಂದಗೋಳದತ್ತ ತಿರುಗಲಿ, ಕಲಘಟಗಿಯ ಮಲೆನಾಡಿನ ಸೆರಗಿನತ್ತ ತಿರುಗಲಿ, ಮುಂದಿನ ಊರವರು ಬಂದು ಎದುರುಗೊಂಡೊಡನೆ ಇವರು ವಂದಿಸಿ ಹಿಂದಿರುಗಬೇಕು. ಕೆಲವೇ ದಿನ ಜೊತೆಯಾಗಿ ನಡೆದವರು ಅಗಲುವಾಗ ಕಣ್ಣು ತೇವಗೊಳ್ಳುವುದುಂಟು.

ಈ ಕಣ್ಣೀರು ಅನುಕಂಪೆಯೋ, ಮೋಹವೋ?

ಮೋಹವೆನ್ನುವವರಿಗೆ ಆಧಾರವಿಲ್ಲದಿಲ್ಲ. ಗೌತಮ ಗಣಧರರಿಗೆ ಭಗವಾನ್ ಮಹಾವೀರರ ಮೇಲಿದ್ದ ಅನುರಾಗವೇ ಕೇವಲಜ್ಞಾನಕ್ಕೆ ಅಡ್ಡಿಯಾಗಿತ್ತೆಂದೂ, ಸ್ವಾಮಿಯ ನಿರ್ವಾಣದ ಬಳಿಕವಷ್ಟೇ ಆ ತೊಡಕು ಬಿಚ್ಚಿತೆಂದೂ ಶ್ವೇತಾಂಬರ ಪರಂಪರೆಯ ಪ್ರಸಿದ್ಧ ಕಥೆ ಹೇಳುತ್ತದೆ. ಗುರುವಿನ ಮೇಲಣ ಪ್ರೀತಿಯೇ ಬಂಧನವಾಗುವುದಾದರೆ ಸಹಪಥಿಕರ ಮೇಲಣ ಪ್ರೀತಿಯ ಪಾಡೇನು?

ಆದರೆ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವನ್ನು ನಿಧಾನವಾಗಿ ನೋಡಬೇಕು. ಅಲ್ಲಿ ಎಣಿಸಿದ ಆರು ಅಂತರಂಗ ತಪಸ್ಸುಗಳಲ್ಲಿ ಮೂರನೆಯದು ವೈಯಾವೃತ್ಯ, ಅಂದರೆ ಸೇವೆ. ಐದನೆಯದು ವ್ಯುತ್ಸರ್ಗ, ಅಂದರೆ ಬಿಡುವಿಕೆ. ಸೇವೆಗೆ ಅರ್ಹರಾದ ಹತ್ತು ಬಗೆಯವರಲ್ಲಿ ಆಚಾರ್ಯರಂತೆಯೇ ಗ್ಲಾನನೂ, ಎಂದರೆ ರೋಗಪೀಡಿತನೂ ಸೇರಿದ್ದಾನೆ. ಕಾಲೊತ್ತುವುದೂ ತಪಸ್ಸು, ಕೈಬಿಡುವುದೂ ತಪಸ್ಸು. ಆಚಾರ್ಯರು ಇವೆರಡನ್ನೂ ಒಂದೇ ಪಟ್ಟಿಯಲ್ಲಿಟ್ಟದ್ದು ವಿಚಾರಾರ್ಹ. ಅಗಲಿಕೆಯನ್ನು ಅಂಜಿ ಸೇವೆಯನ್ನೇ ಮಾಡದವನು ವಿರಾಗಿಯಲ್ಲ, ಕೇವಲ ಉದಾಸೀನ. ಹಾರ, ಭಾಷಣ, ಛಾಯಾಚಿತ್ರಗಳಿಂದ ಬೀಳ್ಕೊಡುಗೆಯನ್ನು ಗಂಟೆಗಟ್ಟಲೆ ಎಳೆಯುವವನೂ ವ್ಯುತ್ಸರ್ಗವನ್ನು ಅರಿತವನಲ್ಲ. ಬಿಸಿಲೇರುವ ಮುನ್ನ ಹೊರಡಬೇಕಾದವರನ್ನು ನಿಲ್ಲಿಸಿಕೊಳ್ಳುವುದು ಭಕ್ತಿಯ ಹೆಸರಿನ ಹಿಂಸೆಯೇ ಸರಿ.

ಬಿಡುವುದು ಯಾವಾಗ ಎಂಬುದು ನಿಜವಾದ ತೊಡಕು. ವಡ್ಡಾರಾಧನೆಯ ಭದ್ರಬಾಹು ಭಟಾರರ ಕಥೆ ಇದಕ್ಕೆ ಕನ್ನಡದ್ದೇ ಆದ ನಿದರ್ಶನ. ಹನ್ನೆರಡು ವರ್ಷದ ಕ್ಷಾಮವನ್ನರಿತು ತೆಂಕಣಕ್ಕೆ ಹೊರಟ ಸಂಘವು ಕಳ್ಬಪ್ಪಿಗೆ, ಇಂದಿನ ಶ್ರವಣಬೆಳಗೊಳಕ್ಕೆ, ಬಂದಾಗ ಭದ್ರಬಾಹುಗಳು ತಮ್ಮ ಆಯುಸ್ಸು ಮುಗಿಯುತ್ತಿರುವುದನ್ನು ಕಂಡರು. ವಿಶಾಖಾಚಾರ್ಯರೊಡನೆ ಸಂಘವನ್ನು ಮುಂದಕ್ಕೆ ಕಳುಹಿಸಿದರು. ಚಂದ್ರಗುಪ್ತ ಮುನಿಗಳು ಮಾತ್ರ ಗುರುಸೇವೆಗಾಗಿ ಉಳಿದರು. ಹೋದವರನ್ನು ನಿರ್ದಯರೆನ್ನಲಾಗದು, ಹೋಗುವುದು ಗುರುವಿನ ಆಜ್ಞೆಯಾಗಿತ್ತು. ರಾಜ್ಯವನ್ನೇ ತ್ಯಜಿಸಿ ಬಂದಿದ್ದ ಚಂದ್ರಗುಪ್ತರು ಉಳಿದದ್ದನ್ನು ಮೋಹವೆನ್ನುವ ಧೈರ್ಯವೂ ಯಾರಿಗಿದ್ದೀತು? ಮುಗಿಯದ ಸೇವೆಯೊಂದು ಅಲ್ಲಿತ್ತು, ಅಷ್ಟೆ.

ಇಲ್ಲಿ ಮತ್ತೊಂದು ಆಕ್ಷೇಪ ಏಳುತ್ತದೆ. ಅದನ್ನು ತಳ್ಳಿಹಾಕುವುದು ಸುಲಭವಲ್ಲ. ದಾರಿಯ ದಯೆ ಅಗ್ಗದ್ದಲ್ಲವೇ? ಇಂದು ಕೂಡಿ ನಾಳೆ ಅಗಲುವವನ ಕಾಲಿನ ಬೊಕ್ಕೆಗೆ ಎಣ್ಣೆ ಹಚ್ಚುವ ಶ್ರಾವಕನು, ಮನೆಯಲ್ಲಿ ಮೊಣಕಾಲು ಹಿಡಿದು ಕುಳಿತ ಮುದಿ ತಾಯಿಯನ್ನು ತಿಂಗಳಿಗೊಮ್ಮೆಯೂ ವಿಚಾರಿಸದಿರಬಹುದು. ಪಥಿಕನಿಂದ ಅವನಿಗೆ ಹಳೆಯ ಮುನಿಸಿಲ್ಲ, ಆಸ್ತಿಯ ಲೆಕ್ಕವಿಲ್ಲ, ಅದೇ ಮಾತನ್ನು ನೂರು ಸಲ ಕೇಳುವ ಬೇಸರವೂ ಇಲ್ಲ. ಆದ್ದರಿಂದ ದಯೆ ತಾನಾಗಿ ಹರಿಯುತ್ತದೆ. ಹಾಗೆಂದು ಅದು ಸುಳ್ಳಲ್ಲ. ಎಣ್ಣೆ ಹಚ್ಚಿಸಿಕೊಂಡವನ ನೋವು ಇಳಿದದ್ದು ನಿಜ. ಆದರೆ ಊರ ಗಡಿಯಲ್ಲಿ ವಂದಿಸಿ ಹಿಂದಿರುಗಿದವನು ಹೋಗಿ ಸೇರುವುದು ಆ ತಾಯಿ ಕುಳಿತ ಮನೆಯನ್ನೇ. ಅಲ್ಲಿ ಅವನನ್ನು ಬೀಳ್ಕೊಡುವವರು ಯಾರೂ ಇಲ್ಲ, ಸೇವೆ ಮುಗಿಯುವ ದಿನವೂ ಗೊತ್ತಿಲ್ಲ.