ನ್ಯಾಯಮೂರ್ತಿ ತುಕೋಳರ ಒರೆಗಲ್ಲು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಶ್ರಾವಕರಿಗೆ ಮಲೆಯೂರಿನ ಕನಕಗಿರಿಯು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಪೂಜ್ಯವಾದುದು. ಸಲ್ಲೇಖನವು ಆತ್ಮವಧೆಯಲ್ಲವೇ ಎಂಬ ಆಕ್ಷೇಪವನ್ನು ಆಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ತಾವೇ ಎತ್ತಿ, ರಾಗ ದ್ವೇಷ ಮೋಹಗಳಿಲ್ಲದೆಡೆ ಆ ದೋಷವಿಲ್ಲವೆಂದು ಉತ್ತರಿಸಿದ್ದಾರೆ. ಮನೆಗೆ ವಿಪತ್ತು ಒದಗಿದಾಗ ವರ್ತಕನು ಮೊದಲು ಮನೆಯನ್ನೇ ಕಾಪಾಡಲೆತ್ನಿಸುತ್ತಾನೆ. ಅದು ಅಸಾಧ್ಯವಾದರೆ ಒಳಗಿನ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ದೇಹವೇ ಆ ಮನೆ, ವ್ರತಶೀಲಗಳೇ ಆ ಸರಕು.

ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಗಳೂ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆಗಿದ್ದ ಟಿ. ಕೆ. ತುಕೋಳರು ಇದೇ ಆಕ್ಷೇಪವನ್ನು ನ್ಯಾಯಶಾಸ್ತ್ರದ ದೃಷ್ಟಿಯಿಂದ ವಿಚಾರಿಸಿದರು. 1976ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥವು ಉದ್ದೇಶ, ಸಂದರ್ಭ, ಸಾಧನ, ಪರಿಣಾಮ ಎಂಬ ನಾಲ್ಕರಲ್ಲಿಯೂ ಸಲ್ಲೇಖನವು ಆತ್ಮಹತ್ಯೆಗಿಂತ ಭಿನ್ನವೆಂದು ತೋರಿಸುತ್ತದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಈ ವ್ರತವನ್ನು ದಂಡನೀಯವೆಂದಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಆದರೆ ತಡೆಯಾಜ್ಞೆಯಿಂದ ಧರ್ಮಸೂಕ್ಷ್ಮವು ತೀರುವುದಿಲ್ಲ. ‘ತತ್ತ್ವಾರ್ಥಸೂತ್ರ’ವು ಬದುಕಿನ ಆಸೆಯನ್ನು ಮಾತ್ರವಲ್ಲ, ಮರಣದ ಆಸೆಯನ್ನೂ ಸಲ್ಲೇಖನದ ಅತಿಚಾರಗಳಲ್ಲಿ ಎಣಿಸಿದೆ. ಈ ಮಾತು ವ್ರತಿಗೆ ಸಲ್ಲುವಂತೆ ಸುತ್ತ ನಿಂತವರಿಗೂ ಸಲ್ಲಬೇಕು. ಹಿರಿಯರ ಶುಶ್ರೂಷೆಯಿಂದ ಬೇಸತ್ತ ಮನೆಯವರಾಗಲಿ, ಕೀರ್ತಿಯನ್ನು ಬಯಸುವ ಬಸದಿಯ ಆಡಳಿತದವರಾಗಲಿ ವ್ರತಕ್ಕೆ ಪ್ರೇರೇಪಿಸಿದರೆ, ರಾಗದ್ವೇಷಗಳು ಹಿಂಬಾಗಿಲಿನಿಂದ ಒಳಹೊಕ್ಕಂತೆಯೇ ಸರಿ. ಮನೆಯನ್ನು ಉಳಿಸುವ ಯತ್ನವೇ ನಡೆಯದಿದ್ದಲ್ಲಿ ಸರಕಿನ ಮಾತೆತ್ತಲು ಯಾರಿಗೆ ಅಧಿಕಾರವಿದೆ?

ನ್ಯಾಯಮೂರ್ತಿಗಳು ಮೊದಲು ಕೇಳಿದ್ದು ಉದ್ದೇಶವನ್ನು. ವ್ರತಿಯ ಮುಂದೆ ಕೈಮುಗಿಯುವ ಮುನ್ನ ಆ ಪ್ರಶ್ನೆಯನ್ನು ಪ್ರತಿಯೊಬ್ಬ ಶ್ರಾವಕನೂ ತನಗೇ ಹಾಕಿಕೊಳ್ಳಬೇಕು.