ಬಾಗಿಲು ತೆರೆದಿಟ್ಟರೆ ಸಾಕೆ?



ಮಠದ ಲೆಕ್ಕ ಬರೆಯುವುದು ನನ್ನ ಕೆಲಸ. ಬಿ.ಕಾಂ. ಓದಿದವನಾದ್ದರಿಂದ ಜಮಾ ಎಷ್ಟು, ಖರ್ಚು ಎಷ್ಟು, ಶಿಲ್ಕು ಎಷ್ಟು ಎಂದು ನೋಡುವುದು ರೂಢಿ. ಲೆಕ್ಕ ತಾಳೆಯಾದರೆ ಮನಸ್ಸಿಗೆ ಸಮಾಧಾನ. ಆದರೆ ತಾಳೆಯಾದ ಲೆಕ್ಕವೂ ಸುಳ್ಳಾಗಿರಬಹುದು ಎಂಬುದನ್ನು ಒಂದು ಚೀಲ ಜೋಳ ನನಗೆ ಕಲಿಸಿತು. ಆ ಸಂಗತಿಯನ್ನು ತಮ್ಮ ಮುಂದಿಟ್ಟು, ಅದರಿಂದ ಹುಟ್ಟಿದ ಪ್ರಶ್ನೆಯೊಂದನ್ನು ತಮ್ಮೊಡನೆ ವಿಚಾರ ಮಾಡಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅದು 2014ರ ಶ್ರಾವಣ. ತೆಲಂಗಾಣ ರಾಜ್ಯವಾಗಿ ಎರಡು ತಿಂಗಳಾಗಿತ್ತು. ಕೆ.ಟಿ. ದೊಡ್ಡಿ ಸೀಮೆಯ ಹೆಣ್ಣುಮಗಳೊಬ್ಬಳು ದಾಸೋಹಕ್ಕೆಂದು ಒಂದು ಚೀಲ ಬಿಳಿಜೋಳ ತಂದಳು. ಆಕೆಯ ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಗಂಡ ಮುಂಬಯಿಯ ಕಡೆಗೆ ಲಾರಿ ನಡೆಸುತ್ತಿದ್ದವನು, ಎಚ್.ಐ.ವಿ. ಸೋಂಕಿನಿಂದ ತೀರಿಕೊಂಡಿದ್ದ. ಸೋಂಕು ಆಕೆಗೂ ಬಂದಿತ್ತು. ಹಿಂದೆ ಪ್ರತಿ ಶ್ರಾವಣದಲ್ಲಿ ನಮ್ಮ ಅಡುಗೆ ಮನೆಯಲ್ಲಿ ಎಲ್ಲರೊಡನೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಹಬ್ಬಿದ ಮೇಲೆ ಯಾರೂ 'ಬರಬೇಡ' ಎನ್ನಲಿಲ್ಲ, 'ಬಾ' ಎಂದೂ ಕರೆಯಲಿಲ್ಲ.

ಅಂದು ನಾನು ಪಾವತಿ ಪುಸ್ತಕ ತೆರೆದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಣ್ಣಿನಲ್ಲೇ ಬೇಡ ಎಂದರು. ನಾನು ಪುಸ್ತಕ ಮುಚ್ಚಿ, "ಅಲ್ಲಿ ಇಟ್ಟು ಹೋಗವ್ವ, ಆಮೇಲೆ ಬರಿತೀನಿ" ಎಂದೆ. ಆಕೆ ನನ್ನ ಮುಖ ನೋಡಿ, "ಅಣ್ಣಾ, ನನ್ನ ಜ್ವಾಳಕ್ಕೂ ರೋಗ ಐತೇನು?" ಎಂದು ಕೇಳಿ ಹೊರಟುಹೋದಳು. ಆ ಚೀಲ ಉಗ್ರಾಣದ ಮೂಲೆಯಲ್ಲಿ ಉಳಿಯಿತು. ಕೊನೆಗೆ ಅದನ್ನು ಮಾರಿ, ಬಂದ ಹಣವನ್ನು 'ಇತರೆ ಜಮಾ' ಎಂದು ಬರೆದೆ. ವರ್ಷದ ಲೆಕ್ಕ ತಾಳೆಯಾಯಿತು. ಆಡಿಟರು ಸಹಿ ಹಾಕಿದರು. ಆಕೆ ಮತ್ತೆ ಮಠಕ್ಕೆ ಬರಲಿಲ್ಲ.

ಈಗ ರೋಗದ ವಿಷಯ ನೋಡೋಣ. ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 2023ರ ಅಂದಾಜಿನಂತೆ ಸುಮಾರು 25 ಲಕ್ಷ ಜನ ಈ ಸೋಂಕಿನೊಡನೆ ಬದುಕುತ್ತಿದ್ದರು. ಅವರಲ್ಲಿ ನೂರಕ್ಕೆ 44ರಷ್ಟು ಹೆಂಗಸರು. ಈ ಸೋಂಕು ರಕ್ಷಣೆಯಿಲ್ಲದ ದೇಹಸಂಬಂಧದಿಂದ, ಸೋಂಕಿದ್ದ ರಕ್ತ ಮತ್ತು ಸೂಜಿಯಿಂದ, ತಾಯಿಯಿಂದ ಮಗುವಿಗೆ ಬರುತ್ತದೆ. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ ಬರುವುದಿಲ್ಲ. ಆಕೆ ಬಡಿದ ರೊಟ್ಟಿಯಿಂದ ಬರುವುದಿಲ್ಲ. ಮುಟ್ಟಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

ಸರಕಾರ ಇದರ ಮಾತ್ರೆಗಳನ್ನು 2004ರ ಏಪ್ರಿಲ್‌ನಿಂದ ಉಚಿತವಾಗಿ ಕೊಡಲು ಆರಂಭಿಸಿತು. ಸೋಂಕು ಕಂಡ ಕೂಡಲೆ ಚಿಕಿತ್ಸೆ ಎಂಬ ನಿಯಮ 2017ರಲ್ಲಿ ಬಂತು. ರೋಗ ಪೂರ್ತಿ ಹೋಗುವುದಿಲ್ಲ, ನಿಜ. ಆದರೆ ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡು, ರಕ್ತ ಪರೀಕ್ಷೆಯಲ್ಲಿ ಕಾಣದಷ್ಟು ವೈರಾಣು ಇಳಿದರೆ, ಆ ಮನುಷ್ಯನಿಂದ ಸಂಗಾತಿಗೆ ದೇಹಸಂಬಂಧದಿಂದ ಸೋಂಕು ದಾಟುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ನೂರು ಸೋಂಕಿತ ತಾಯಂದಿರಲ್ಲಿ 15ರಿಂದ 45 ಜನರ ಮಕ್ಕಳಿಗೆ ಅದು ಬರಬಹುದು. ಚಿಕಿತ್ಸೆ ಸರಿಯಾಗಿ ಸಿಕ್ಕರೆ ಆ ಸಂಖ್ಯೆ ಐದಕ್ಕಿಂತ ಕೆಳಗೆ ಇಳಿಯುತ್ತದೆ. 2018ರ ಸೆಪ್ಟೆಂಬರ್ 10ರಿಂದ ಕಾನೂನೂ ಜಾರಿಯಲ್ಲಿದೆ. ಸೋಂಕಿನ ಕಾರಣದಿಂದ ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳಲ್ಲಿ ಭೇದ ಮಾಡುವಂತಿಲ್ಲ. ಸೋಂಕಿತ ಹೆಣ್ಣುಮಗಳನ್ನು ಆಕೆ ಬಾಳುತ್ತಿರುವ ಮನೆಯಿಂದ ಹೊರಹಾಕುವಂತಿಲ್ಲ.

ಹಾಗಾದರೆ ಮದ್ದಿದೆ, ಕಾನೂನಿದೆ, ಬಾಗಿಲು ತೆರೆದಿದೆ. ಇನ್ನೇನು ಬೇಕು? ಬಂದವರಿಗೆ ಸಿಗುತ್ತದೆ, ಬಾರದವರು ತಮ್ಮ ಕರ್ಮ ಅನುಭವಿಸಲಿ ಎನ್ನಬಹುದೆ? ನನ್ನ ಪ್ರಶ್ನೆ ಇದೇ.

ಕಾಲುವೆಯ ನೀರನ್ನೇ ನೋಡಿರಿ. ತೂಬು ತೆರೆದು 'ನೀರು ಎಲ್ಲರಿಗೂ ಸಮ' ಎಂದರೆ ಮೇಲಿನ ಹೊಲ ತುಂಬುತ್ತದೆ, ಕೊನೆಯ ಹೊಲ ಒಣಗುತ್ತದೆ. ಕೊನೆಯ ಹೊಲದವನು ಸೋಮಾರಿಯೆಂದು ಯಾವ ರೈತನೂ ಅನ್ನುವುದಿಲ್ಲ. ನಡುವೆ ಕಾಲುವೆ ಎಲ್ಲಿ ಒಡೆದಿದೆ, ಎಲ್ಲಿ ಹೂಳು ತುಂಬಿದೆ ಎಂದು ನೋಡುತ್ತಾನೆ. ಮದ್ದಿನ ವಿಷಯವೂ ಹಾಗೆಯೇ. ಮಾತ್ರೆ ತರಲು ಒಂದು ದಿನದ ಕೂಲಿ ಬಿಡಬೇಕು. ಬಸ್ಸಿನ ಖರ್ಚು ಹೊಂದಿಸಬೇಕು. ಹತ್ತಿರದ ಊರಿಗೆ ಹೋದರೆ ಪರಿಚಯದವರು ನೋಡುತ್ತಾರೆಂದು ದೂರದ ಊರಿಗೆ ಹೋಗುವವರಿದ್ದಾರೆ. ಮನೆಯಲ್ಲಿ ಅತ್ತೆಯ ಕಣ್ಣಿಗೆ ಬೀಳದಂತೆ ಮಾತ್ರೆ ಬಚ್ಚಿಡಬೇಕು. ಹತ್ತಿ ಬೀಜದ ಹಂಗಾಮಿನಲ್ಲಿ ಕೆಲಸ ಬಿಟ್ಟರೆ 'ಎಲ್ಲಿಗೆ ಹೋಗಿದ್ದೆ' ಎಂಬ ಪ್ರಶ್ನೆ. ಈ ಹೂಳನ್ನು ತುಂಬಿದವರು ಆಸ್ಪತ್ರೆಯವರಲ್ಲ, ನಾವು.

ಕೆಲವರು ಹೇಳುತ್ತಾರೆ: ಇದು ನಡತೆಗೆಟ್ಟವರ ರೋಗ, ಮಾಡಿದವರು ಉಣ್ಣಲಿ ಎಂದು. ಈ ಮಾತನ್ನು ಸ್ವಲ್ಪ ತೂಗಿ ನೋಡೋಣ. ಜೋಳ ತಂದ ಆ ಹೆಣ್ಣುಮಗಳ ನಡತೆಯಲ್ಲಿ ಏನು ತಪ್ಪಿತ್ತು? ಗಂಡನೊಡನೆ ಸಂಸಾರ ಮಾಡಿದ್ದು. ಸತ್ತ ಗಂಡನ ಹೆಸರಿಗೆ ಊರು ಕನಿಕರ ತೋರಿಸಿತು, ಬದುಕಿ ಉಳಿದ ಹೆಂಡತಿಗೆ ಕಳಂಕ ಕೊಟ್ಟಿತು.

ಇನ್ನೊಂದು ಸಂಗತಿ ಇದಕ್ಕಿಂತ ಕಹಿಯಾದುದು. ನಮ್ಮ ಪಾಲಮೂರು ಸೀಮೆಯಲ್ಲಿ ಜೋಗಿನಿ ಎಂದು, ಕೃಷ್ಣೆಯಾಚೆ ದೇವದಾಸಿ, ಬಸವಿ ಎಂದು ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ಇತ್ತು. ಹೆಚ್ಚಾಗಿ ಬಿಟ್ಟದ್ದು ದಲಿತ ಕೇರಿಯ ಮಕ್ಕಳನ್ನು. ಕರ್ನಾಟಕ 1982ರಲ್ಲಿ, ಆಂಧ್ರಪ್ರದೇಶ 1988ರಲ್ಲಿ ಕಾನೂನು ಮಾಡಿ ಇದನ್ನು ನಿಷೇಧಿಸಿದವು. ಆ ಮಕ್ಕಳು ತಾವಾಗಿ ಹೋಗಿ ಮುತ್ತು ಕಟ್ಟಿಸಿಕೊಂಡರೆ? ಅವರ ಮನೆಗೆ ರಾತ್ರಿ ಹೋದವರು ಯಾರು? ಹೊಲ, ಅಂಗಡಿ ಉಳ್ಳವರೇ ಅಲ್ಲವೆ? ಹೋದವನು ಬೆಳಗ್ಗೆ ಪಂಕ್ತಿಯಲ್ಲಿ ಕುಳಿತ, ಅವಳು ಹೊರಗೆ ನಿಂತಳು. ಪಾಪದ ಲೆಕ್ಕದಲ್ಲಿ ಒಂದೇ ಕಡೆ ಖರ್ಚು ಬರೆದರೆ ಆ ಖಾತೆ ಸರಿಯಾಗುವುದು ಹೇಗೆ?

ಹೀಗೆ ಹೊರಗೆ ನಿಂತವರೇ ದಾರಿ ತೋರಿಸಿದ ಒಂದು ಉದಾಹರಣೆ ಗಡಿಯಾಚೆಯ ಸಾಂಗ್ಲಿಯಲ್ಲಿದೆ. ಅಲ್ಲಿ ಲೈಂಗಿಕ ವೃತ್ತಿಯಲ್ಲಿದ್ದವರಲ್ಲಿ ದೇವದಾಸಿ ಪದ್ಧತಿಯಿಂದ ಬಂದ ಕನ್ನಡದ ಹೆಣ್ಣುಮಕ್ಕಳು ಬಹಳ. 1992ರಲ್ಲಿ ಮೀನಾ ಸೇಶು ಅವರು ಕಟ್ಟಿದ 'ಸಂಗ್ರಾಮ್' ಸಂಸ್ಥೆ ಅಲ್ಲಿ ಕೆಲಸ ಆರಂಭಿಸಿತು. ನಿರೋಧ್ ಹಂಚುವ, ತಿಳಿವಳಿಕೆ ಹೇಳುವ ಕೆಲಸವನ್ನು ಆ ಹೆಂಗಸರ ಕೈಗೇ ಕೊಟ್ಟಿತು. 1996ರಲ್ಲಿ ಅವರು 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್' ಎಂಬ ತಮ್ಮದೇ ಸಂಘಟನೆ ಮಾಡಿಕೊಂಡರು. ಒಬ್ಬಳಿಗೆ ಕಷ್ಟವಾದರೆ ಹತ್ತು ಜನ ಜೊತೆ ನಿಂತರು. ಅವರನ್ನು ಮೊದಲಿಗೆ ಬಲಪಡಿಸಿದ್ದು ಯಾರದೋ ಕನಿಕರವಲ್ಲ, ಅವರವರ ಒಗ್ಗಟ್ಟು.

ಇದು ನಮ್ಮ ಬಡ ದೇಶದ ಮಾತಷ್ಟೇ ಎಂದುಕೊಳ್ಳಬೇಡಿರಿ. ಶ್ರೀಮಂತ ಅಮೆರಿಕದಲ್ಲಿ ಹೆಂಗಸರೊಳಗೆ ನೂರಕ್ಕೆ ಸುಮಾರು 13 ಜನ ಕಪ್ಪು ಜನಾಂಗದವರು. ಆದರೆ ಹೊಸದಾಗಿ ಎಚ್.ಐ.ವಿ. ಕಾಣಿಸಿಕೊಳ್ಳುವ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ಅವರೇ. ಅವರ ರಕ್ತ ಬೇರೆಯೆಂದಲ್ಲ. ಬಡತನ, ವಿಮೆಯಿಲ್ಲದಿರುವುದು, ದೂರದ ಆಸ್ಪತ್ರೆ, ಅದರ ಮೇಲೆ ಅಪನಂಬಿಕೆ. ಟಸ್ಕೀಗಿ ಎಂಬಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಜನಾಂಗದ ಗಂಡಸರಿಗೆ ಸಿಫಿಲಿಸ್ ರೋಗವಿದೆಯೆಂದು ಗೊತ್ತಿದ್ದೂ, ರೋಗ ಹೇಗೆ ಬೆಳೆಯುತ್ತದೆಂದು ನೋಡಲು ಸರಕಾರಿ ವೈದ್ಯರೇ ಚಿಕಿತ್ಸೆ ಕೊಡದೆ ಬಿಟ್ಟಿದ್ದರು. ಅದನ್ನು ಕಂಡ ಜನ ಆಸ್ಪತ್ರೆಯನ್ನು ನಂಬುವುದೆಂತು? ಅಟ್ಲಾಂಟಾ ನಗರದಲ್ಲಿ ಡೇಝನ್ ಡಿಕ್ಸನ್ ಡಿಯಾಲೊ ಎಂಬ ಕಪ್ಪು ಜನಾಂಗದ ಮಹಿಳೆ 1989ರಲ್ಲಿ 'ಸಿಸ್ಟರ್‌ಲವ್' ಎಂಬ ಸಂಸ್ಥೆ ಕಟ್ಟಿದರು. ಹೆಂಗಸರನ್ನು ಮನೆಗಳಲ್ಲಿ ಕೂಡಿಸಿ, ನಾಚಿಕೆ ಬಿಟ್ಟು ಮಾತಾಡಲು ಅನುವು ಮಾಡಿಕೊಟ್ಟರು. ಸಾಂಗ್ಲಿಯವರು, ಅಟ್ಲಾಂಟಾದವರು ಬೇರೆ ಬೇರೆ ದೇಶದವರು. ಆದರೂ ಇಬ್ಬರೂ ಒಂದೇ ಸತ್ಯಕ್ಕೆ ಬಂದರು: ಬಾಗಿಲು ತೆರೆದಿದೆ ಎಂದು ಕೂಗಿದರೆ ಸಾಲದು, ಕೈ ಹಿಡಿದು ಜೊತೆಗೆ ನಡೆಯುವವರು ಬೇಕು. ಆ ದಾರಿ ನಡೆದವರೇ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ನಮಗೆ ಇದು ಹೊಸ ಪಾಠವಲ್ಲ. ಹನ್ನೆರಡನೆಯ ಶತಮಾನದ ವಚನಕಾರ್ತಿಯರ ಸಾಲಿನಲ್ಲಿ ಸೂಳೆ ಸಂಕವ್ವೆಯ ಹೆಸರಿದೆ. ಕಸುಬಿನ ಹೆಸರು ಆಕೆಯ ಹೆಸರಿನೊಡನೆ ಇಂದಿಗೂ ಉಳಿದಿದೆ. ಆದರೂ ಆಕೆ ಶರಣರ ಸಾಲಿನಿಂದ ಹೊರಗಾಗಲಿಲ್ಲ. ಅಂಥ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ಒಬ್ಬ ವಿಧವೆಯ ಜೋಳಕ್ಕೆ ಅಂಜಿದೆವು.

ಸದ್ಭಕ್ತರಲ್ಲಿ ನನ್ನ ವಿನಂತಿ ಇಷ್ಟೆ. ಒಂದು, ಯಾರಿಗಾದರೂ ಸೋಂಕಿದೆ ಎಂದು ತಿಳಿದರೆ ಆ ಮಾತು ನಮ್ಮ ಬಾಯಿಂದ ಇನ್ನೊಬ್ಬರಿಗೆ ಹೋಗಬಾರದು. ಎರಡು, ನಮ್ಮ ಹೊಲ, ಅಂಗಡಿ, ಲಾರಿಗಳಲ್ಲಿ ದುಡಿಯುವವರು ಆಸ್ಪತ್ರೆಗೆಂದು ರಜೆ ಕೇಳಿದರೆ ಕಾರಣ ಕೆದಕದೆ, ಕೂಲಿ ಹಿಡಿಯದೆ ಕೊಡಬೇಕು. ಮೂರು, ಗುಳೆ ಹೋಗಿ ಬಂದ ಗಂಡಸರು ಮೊದಲು ತಾವು ಪರೀಕ್ಷೆ ಮಾಡಿಸಿಕೊಳ್ಳಲಿ. ಪರೀಕ್ಷೆ ಸರಕಾರಿ ಕೇಂದ್ರಗಳಲ್ಲಿ ಉಚಿತ, ಗುಟ್ಟಾಗಿಯೂ ಇರುತ್ತದೆ. ನಾಲ್ಕು, ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಜಾಗಕ್ಕೆ ಕರೆಯದೆ ಬಿಟ್ಟವರನ್ನು ನಾವೇ ಹೋಗಿ ಕರೆಯಬೇಕು.

ನಾಲ್ಕನೆಯದನ್ನು ಹೇಳುವ ಯೋಗ್ಯತೆ ನನಗೆ ಇನ್ನೂ ಬಂದಿಲ್ಲ. ಆಕೆ ಈಗ ತವರಿನಲ್ಲಿದ್ದಾಳೆ. ಮಾತ್ರೆ ತಪ್ಪಿಸದೆ ಗಟ್ಟಿಯಾಗಿ ದುಡಿಯುತ್ತಿದ್ದಾಳೆ, ಮಗಳಿಗೆ ಸೋಂಕಿಲ್ಲ ಎಂದು ಆಕೆಯ ತಮ್ಮನಿಂದ ತಿಳಿದು ಸಂತೋಷವಾಯಿತು. ಈ ಶ್ರಾವಣದೊಳಗೆ ಅವಳ ಮನೆಗೆ ಹೋಗಿ, ಒಂದು ಚೀಲ ಜೋಳಕ್ಕೆ ಬರೆಯಬೇಕಾಗಿದ್ದ ಪಾವತಿಯನ್ನು ಬರೆದು ಕೊಟ್ಟು, ಕ್ಷಮೆ ಕೇಳಬೇಕೆಂದಿದ್ದೇನೆ. ಅವಳು ಬರುವುದು, ಬಿಡುವುದು ಅವಳ ಇಚ್ಛೆ. ಆ ಪಾವತಿ ಬರೆಯುವವರೆಗೆ ನನ್ನ ಲೆಕ್ಕ ಮುಗಿದಿಲ್ಲ.

ಶರಣು ಶರಣಾರ್ಥಿ.

ಕಾರ್ಯದರ್ಶಿ